ಗುಲಾಮಗಿರಿ ಹೋಗಿ 160 ವರ್ಷ ಆಯ್ತು, ಅಮೆರಿಕದಲ್ಲಿ ವರ್ಣಭೇದ ಇನ್ನೂ ಹೇಗೆ ಉಳಿದಿದೆ?

ಬೆಣ್ಣೆನಗರಿ
ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ. ಅದಕ್ಕೆ ಮೊದಲು ನಾಲ್ಕು ವರ್ಷ ಅಂತರ್ಯುದ್ಧ ಆಗಿ 6.2 ಲಕ್ಷದಿಂದ 7.5 ಲಕ್ಷ ಜನ ಸತ್ತರು ಅಂತ ಲೆಕ್ಕ. ಗೆದ್ದಿದ್ದು ಗುಲಾಮಗಿರಿ ಬೇಡ ಅಂದ ಕಡೆಯವರು. ಆಮೇಲೆ ಸಂವಿಧಾನ ತಿದ್ದುಪಡಿ, 1964ರ ನಾಗರಿಕ ಹಕ್ಕು ಕಾಯ್ದೆ, ಒಬಾಮಾ ಎರಡು ಸಲ ಅಧ್ಯಕ್ಷರು. ಇಷ್ಟಾದರೂ ಕರಿಯರಿಗೂ ಬಿಳಿಯರಿಗೂ ಆಸ್ತಿಯಲ್ಲಿ, ಜೈಲಿನಲ್ಲಿ, ವಾಸದ ಬಡಾವಣೆಯಲ್ಲಿ ಇಷ್ಟೊಂದು ಅಂತರ ಯಾಕೆ? "ಹಳೇ ದ್ವೇಷ ಮನಸ್ಸಿಂದ ಹೋಗಿಲ್ಲ" ಅನ್ನೋ ಉತ್ತರ ನನಗೆ ಸಾಲದು. ಐದಾರು ತಲೆಮಾರು ಒಂದು ದ್ವೇಷ ತಾನೇ ತಾನಾಗಿ ಹೇಗೆ ಉಳಿಯುತ್ತೆ?

ಹಳೇ ಕಡತ
ತಾನಾಗಿ ಉಳಿದಿಲ್ಲ ಸರ್. ಕಾಗದದ ಮೇಲೆ ಬರೆದು ಉಳಿಸಿದ್ದಾರೆ, ಒಂದು ಕಾಗದ ರದ್ದಾದಾಗ ಇನ್ನೊಂದು ಬರೆದಿದ್ದಾರೆ.

ಮೊದಲಿಂದ ನೋಡಿ. 1619ರಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಆಫ್ರಿಕನ್ನರನ್ನು ತಂದಿಳಿಸಿದರು. ಆಗ ಅವರ ಸ್ಥಾನಮಾನ ಏನು ಅನ್ನೋದಕ್ಕೆ ಗಟ್ಟಿ ಕಾನೂನೇ ಇರಲಿಲ್ಲ. ಕೆಲವರು ಬಿಡುಗಡೆಯಾಗಿ ಜಮೀನು ಮಾಡಿಕೊಂಡಿದ್ದೂ ಉಂಟು. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗು ಗುಲಾಮನೋ ಸ್ವತಂತ್ರನೋ ಅನ್ನೋದು ತಾಯಿಯ ಸ್ಥಿತಿಯಂತೆ. ಇಂಗ್ಲಿಷರ ಪದ್ಧತಿಯಲ್ಲಿ ಮಗು ತಂದೆಯ ಲೆಕ್ಕಕ್ಕೆ ಬರುತ್ತಿತ್ತು, ಇವರು ಅದನ್ನೇ ತಿರುಗಿಸಿದರು. ಪರಿಣಾಮ ಏನು? ಧಣಿಯೇ ಗುಲಾಮ ಹೆಣ್ಣಿನಿಂದ ಪಡೆದ ಮಗು ಅವನ ವಾರಸುದಾರ ಆಗಲಿಲ್ಲ, ಅವನ ಆಸ್ತಿ ಆಯಿತು. 1667ರಲ್ಲಿ ಇನ್ನೊಂದು: ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದರೂ ಬಿಡುಗಡೆ ಇಲ್ಲ. ಅಲ್ಲಿಯವರೆಗೆ ಧರ್ಮದ ಹೆಸರಲ್ಲಿ ತಪ್ಪಿಸಿಕೊಳ್ಳೋ ದಾರಿ ಒಂದಿತ್ತು, ಅದೂ ಮುಚ್ಚಿತು. ಉಳಿದ ಗುರುತು ಬಣ್ಣ ಒಂದೇ. 1705ರಲ್ಲಿ ಇವೆಲ್ಲ ಸೇರಿಸಿ ಒಂದು ಸಂಹಿತೆಯೇ ಆಯಿತು.

ಬಣ್ಣದ ದ್ವೇಷ ಇತ್ತು, ಅದಕ್ಕೆ ಗುಲಾಮಗಿರಿ ಬಂತು ಅಂತ ನಾವು ತಿಳಿದಿರ್ತೀವಿ. ಈ ಕಾಗದಗಳನ್ನು ಸಾಲಾಗಿ ಓದಿದರೆ ದುಡಿಮೆ ಕಟ್ಟಿಹಾಕೋ ಅಗತ್ಯ ಮುಂದೆ ಇದೆ, ಬಣ್ಣದ ಸಿದ್ಧಾಂತ ಅದರ ಹಿಂದೆ ಬೆಳೆದಿದೆ.

ಶರಾವತಿ
ಒಂದು ಸಣ್ಣ ತಿದ್ದುಪಡಿ ಬೆಣ್ಣೆನಗರಿಯವರೇ. "ಕರಿಯರು" ಅನ್ನೋದು ನಮ್ಮಲ್ಲೇ ಬೈಗುಳದಂತೆ ಬಳಕೆಯಲ್ಲಿದೆ. ಕಪ್ಪು ಜನ ಅಥವಾ ಆಫ್ರಿಕನ್ ಅಮೆರಿಕನ್ನರು ಅನ್ನಿ.

ಬೆಣ್ಣೆನಗರಿ
ಸರಿ, ಒಪ್ಪಿದೆ. ಇನ್ನು ಹಾಗೇ ಬರೀತೀನಿ.

ಮಳೆಬಿಲ್ಲು
ಅಂತರ್ಯುದ್ಧ ಗುಲಾಮಗಿರಿಗಾಗಿ ನಡೀತು ಅನ್ನೋದೇ ಪೂರ್ತಿ ನಿಜವಲ್ಲ. ರಾಜ್ಯಗಳ ಹಕ್ಕು, ಆಮದು ಸುಂಕ ಇವೂ ಕಾರಣ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯೋದಾದರೆ ಹಾಗೇ ಮಾಡ್ತೀನಿ ಅಂತ ಲಿಂಕನ್ನೇ ಬರೆದಿದ್ದಾರೆ.

ಕಾನೂನು ಕಟ್ಟೆ
ಲಿಂಕನ್ ಪತ್ರ ನಿಜ, 1862ರ ಆಗಸ್ಟ್. ಆದರೆ ಗುಲಾಮರನ್ನು ಬಿಡಿಸೋ ವಿಮೋಚನಾ ಘೋಷಣೆಯ ಕರಡನ್ನು ಅವರು ಅದಕ್ಕೆ ಒಂದು ತಿಂಗಳ ಮುಂಚೆಯೇ ಸಂಪುಟದ ಮುಂದೆ ಇಟ್ಟಿದ್ದರು. ಅದೂ ಅಲ್ಲದೆ ಯುದ್ಧ ಯಾಕೆ ಆಯ್ತು ಅಂತ ಕೇಳಬೇಕಾದ್ದು ಲಿಂಕನ್ನರನ್ನಲ್ಲ, ಒಕ್ಕೂಟ ಬಿಟ್ಟು ಹೋದ ದಕ್ಷಿಣದ ರಾಜ್ಯದವರನ್ನು. ಅವರೇ ಬರೆದಿಟ್ಟಿದ್ದಾರೆ.

ಮಿಸಿಸಿಪ್ಪಿಯ ಘೋಷಣಾಪತ್ರ ಶುರುವಿನಲ್ಲೇ ಹೇಳುತ್ತೆ: ನಮ್ಮ ನಿಲುವು ಗುಲಾಮಗಿರಿ ವ್ಯವಸ್ಥೆಯೊಂದಿಗೆ ಸಂಪೂರ್ಣ ಬೆಸೆದುಕೊಂಡಿದೆ, ಅದು ಜಗತ್ತಿನ ಅತಿ ದೊಡ್ಡ ಭೌತಿಕ ಹಿತಾಸಕ್ತಿ ಅಂತ. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸವಾನ್ನಾದಲ್ಲಿ ಮಾಡಿದ ಭಾಷಣದ ತಿರುಳು ಇನ್ನೂ ನೇರ: ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನೋದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು. ಅವರ ಸಂವಿಧಾನದ ಮೊದಲ ವಿಧಿಯಲ್ಲೇ ಗುಲಾಮರ ಮೇಲಿನ ಆಸ್ತಿಹಕ್ಕಿಗೆ ಧಕ್ಕೆ ತರೋ ಕಾನೂನು ಮಾಡಕೂಡದು ಅಂತ ಇದೆ.

ರಾಜ್ಯಗಳ ಹಕ್ಕಿನ ವಿಷಯ. 1850ರ ಕಾಯ್ದೆ ಪ್ರಕಾರ ಓಡಿಬಂದ ಗುಲಾಮರನ್ನು ಉತ್ತರದವರು ಹಿಡಿದು ವಾಪಸ್ ಕೊಡಬೇಕಿತ್ತು. ಎಷ್ಟೋ ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿ ಅದಕ್ಕೆ ಅಡ್ಡ ಹಾಕಿದವು. ಸೌತ್ ಕರೊಲಿನಾ 1860ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ಆ ರಾಜ್ಯಗಳ ಹೆಸರು ಹಿಡಿದು ದೂರಿತು. ಅಂದ್ರೆ ಆಗ ರಾಜ್ಯದ ಹಕ್ಕು ಚಲಾಯಿಸ್ತಿದ್ದಿದ್ದು ಉತ್ತರ, ಅದನ್ನು ತುಳೀರಿ ಅಂತ ಕೇಂದ್ರವನ್ನು ಒತ್ತಾಯಿಸ್ತಿದ್ದಿದ್ದು ದಕ್ಷಿಣ.

ಮಳೆಬಿಲ್ಲು
ಘೋಷಣಾಪತ್ರದ ಮಾತು ಒಪ್ತೀನಿ. ಹಾಗಾದರೆ ಸುಂಕ, ರಾಜ್ಯದ ಹಕ್ಕು ಅನ್ನೋ ಮಾತು ಇಷ್ಟು ಹಬ್ಬಿದ್ದು ಎಲ್ಲಿಂದ?

ಕಾನೂನು ಕಟ್ಟೆ
ಸೋತ ಮೇಲೆ ಬರೆದ ಚರಿತ್ರೆಯಿಂದ. ದಕ್ಷಿಣದ ಸೈನಿಕರ ವಂಶದ ಹೆಣ್ಣುಮಕ್ಕಳ ಸಂಘ 1894ರಲ್ಲಿ ಹುಟ್ಟಿತು. ಅವರು ಎರಡು ಕೆಲಸ ಹಿಡಿದರು. ಒಂದು, ಶಾಲಾ ಪಠ್ಯಪುಸ್ತಕ ಪರಿಶೀಲಿಸಿ, ಯುದ್ಧಕ್ಕೆ ಗುಲಾಮಗಿರಿ ಕಾರಣ ಅಂತ ಬರೆದ ಪುಸ್ತಕಗಳನ್ನು ತಿರಸ್ಕರಿಸೋ ಹಾಗೆ ಒತ್ತಡ ಹಾಕೋದು. ಇನ್ನೊಂದು, ಪ್ರತಿಮೆ. ಇಸವಿ ಗಮನಿಸಿ: ಅತಿ ಹೆಚ್ಚು ಪ್ರತಿಮೆ ನಿಂತದ್ದು ಯುದ್ಧ ಮುಗಿದ ತಕ್ಷಣ ಅಲ್ಲ, 1900ರ ನಂತರದ ಇಪ್ಪತ್ತು ವರ್ಷಗಳಲ್ಲಿ, ಕಪ್ಪು ಜನರ ಮತ ಕಿತ್ತುಕೊಂಡ ಬೆನ್ನಿಗೇ. ಶಾಲೆಗಳಲ್ಲಿ ಬಣ್ಣದ ಬೇಲಿ ಕೂಡದು ಅಂತ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತು. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜಕ್ಕೆ ದಕ್ಷಿಣದ ಯುದ್ಧಧ್ವಜದ ಗುರುತು ಸೇರಿಸಿತು. ರಿಚ್ಮಂಡ್‌ನಲ್ಲಿ 1890ರಲ್ಲಿ ನಿಲ್ಲಿಸಿದ, ದಕ್ಷಿಣದ ಸೇನಾಪತಿ ಜನರಲ್ ಲೀ ಪ್ರತಿಮೆ ಕೆಳಗಿಳಿದದ್ದು 2021ರಲ್ಲಿ.

ಎರೆಮಣ್ಣು
ಹತ್ತಿ ಮಾತು ಬರದ ಈ ಚರ್ಚೆ ಮುಗಿಯಂಗಿಲ್ರಿ.

ಅಲಬಾಮಾ, ಮಿಸಿಸಿಪ್ಪಿ ಅಡ್ಡ ಹಾದು ಬಿಲ್ಲಿನ ಆಕಾರದಾಗ ಒಂದು ಕರೀ ಮಣ್ಣಿನ ಪಟ್ಟಿ ಐತಿ. ಕೋಟ್ಯಂತರ ವರ್ಷದ ಹಿಂದ ಅದು ಸಮುದ್ರದ ದಂಡಿ ಇತ್ತು, ಸುಣ್ಣದ ಕಲ್ಲಿನ ಮ್ಯಾಲೆ ಕೂತ ಮಣ್ಣದು. ನಮ್ಮ ಎರಿ ಹೊಲದಂಗ ಹತ್ತಿಗೆ ಹೇಳಿ ಮಾಡಿಸಿದ ಭೂಮಿ. 1793ರಾಗ ಹತ್ತಿ ಬಿಡಿಸೋ ಜಿನ್ನು ಬಂತು. ಅದಕ್ಕಿಂತ ಮೊದಲ ಗಿಡ್ಡ ಎಳೆ ಹತ್ತಿ ಬೀಜಕ್ಕ ಅಂಟಿಕೊಂಡು ಬಿಡತಿರಲಿಲ್ಲ, ಕೈಲೆ ಬಿಡಿಸಿದ್ರ ದಿನಕ್ಕ ಒಬ್ಬ ಆಳಿಗೆ ಒಂದು ಪೌಂಡು ಆಗೋದು ಕಷ್ಟಿತ್ತು. ಜಿನ್ನು ಬಿಡಿಸೋ ಕೆಲಸ ಹಗುರ ಮಾಡ್ತು, ಬಿತ್ತೋದು, ಕಳೆ ತೆಗಿಯೋದು, ಆರಿಸೋದು ಮಾತ್ರ ಕೈಕೆಲಸನ ಉಳೀತು. ಹಿಂಗಾಗಿ ಯಂತ್ರ ಬಂದು ಗುಲಾಮಗಿರಿ ಕಡಿಮಿ ಆಗಲಿಲ್ಲ, ಹೆಚ್ಚಾತು. ವರ್ಜೀನಿಯಾದಂಥ ಮ್ಯಾಲಿನ ರಾಜ್ಯಗಳಿಂದ ಹತ್ತಿ ಸೀಮಿಗೆ ಸುಮಾರು 10 ಲಕ್ಷ ಮಂದಿನ್ನ ಮಾರಿ ಸಾಗಿಸಿದ್ರು, ಗಂಡ ಒಂದ ಕಡೆ, ಹೆಂಡತಿ ಒಂದ ಕಡೆ. 1860ರ ಗಣತಿಯೊಳಗ ದೇಶದಾಗ ಗುಲಾಮರು ಸುಮಾರು 39.5 ಲಕ್ಷ. ಮಿಸಿಸಿಪ್ಪಿಯ ನೂರು ಜನರೊಳಗ 55 ಮಂದಿ, ಸೌತ್ ಕರೊಲಿನಾದಾಗ 57 ಮಂದಿ.

ಇವತ್ತಿನ ಚುನಾವಣಾ ನಕಾಶಿ ತಗದು ನೋಡ್ರಿ, ಆ ಮಣ್ಣಿನ ಬಿಲ್ಲು ಹಂಗ ಕಾಣತೈತಿ. ಬರೇ ಕಪ್ಪು ಜನರ ಮತದಾಗ ಅಲ್ಲ. 1860ರಾಗ ಎಲ್ಲಿ ಗುಲಾಮರು ಹೆಚ್ಚಿದ್ರೋ, ಅಲ್ಲಿಯ ಬಿಳಿಯರ ಅಭಿಪ್ರಾಯ ಇವತ್ತಿಗೂ ಕಪ್ಪು ಜನರ ವಿಷಯದಾಗ ಹೆಚ್ಚು ಬಿರುಸು ಅಂತ ಸಮೀಕ್ಷೆಗೂ ಹಳೇ ಗಣತಿಗೂ ತಾಳೆ ಹಾಕಿದವರು ತೋರಿಸ್ಯಾರ. ಅದರಾಗ ನನಗ ಭಾಳ ಮುಖ್ಯ ಅನಿಸಿದ್ದು ಏನಂದ್ರ, ಎಲ್ಲಿ ಟ್ರ್ಯಾಕ್ಟರ್ ಬ್ಯಾಗ ಬಂತೋ ಅಲ್ಲಿ ಈ ಸಂಬಂಧ ಸಡ್ಲ ಆಗೇತಿ. ಆಳಿನ ಗರಜು ಇದ್ದಲ್ಲಿ ಮಂದಿನ್ನ ಅಂಜಿಸಿ ಇಡೋ ಗರಜೂ ಇತ್ತು, ಅದನ್ನ ಮಕ್ಕಳಿಗೂ ಕಲಿಸಿದ್ರು.

ಬೆಣ್ಣೆನಗರಿ
ಟ್ರ್ಯಾಕ್ಟರ್ ಮಾತು ಹೊಸದು ನನಗೆ. ಯುದ್ಧದಿಂದ ನಮ್ಮ ಕಡೆ ಹತ್ತಿಗೂ ಬೆಲೆ ಬಂದಿತ್ತಂತಲ್ಲ?

ಎರೆಮಣ್ಣು
ಹೌದು. 1860ರಾಗ ಇಂಗ್ಲೆಂಡಿನ ಗಿರಣಿಗಳಿಗೆ ಮುಕ್ಕಾಲು ಪಾಲು ಹತ್ತಿ ಅಮೆರಿಕದ್ದು. ಲಿಂಕನ್ ಸರ್ಕಾರ ದಕ್ಷಿಣದ ಬಂದರಗಳಿಗೆ ದಿಗ್ಬಂಧನ ಹಾಕಿದ ಮ್ಯಾಲೆ ಅವರ ಕಣ್ಣು ಇತ್ತ ತಿರುಗಿತು. ಕಂಪನಿಯವರು 1840ರ ದಶಕದಾಗನ ಅಮೆರಿಕದ ಬೆಳೆಗಾರರನ್ನ ಕರೆಸಿ ಧಾರವಾಡ ಸೀಮಿಯೊಳಗ ನ್ಯೂ ಓರ್ಲಿಯನ್ಸ್ ಬೀಜ ಹಾಕಿಸಿದ್ರು, "ಧಾರವಾಡ-ಅಮೆರಿಕನ್" ಅಂತ ತಳಿನ ಆತು. ಆ ಹತ್ತಿ ಹಡಗಕ್ಕ ಏರಸಾಕ ಅಂತನ 1860ರ ದಶಕದಾಗ ಕಾರವಾರ ಬಂದರಕ್ಕ ಜೀವ ಬಂತು. 1865ಕ್ಕ ಯುದ್ಧ ನಿಂತಿತು, ಬೆಲೆ ಬಿತ್ತು. ಆ ಬೀಜ ಅಲ್ಲಿ ಯಾರ ಕೈಯಾಗ ಬೆಳೀತಿತ್ತು ಅನ್ನೋದು ನೆನಪಿರಲಿ.

ಹಳೇ ಕಡತ
ಇಲ್ಲಿಂದ 1865ಕ್ಕೆ ಬರೋಣ, ನಿಜವಾದ ಗಂಟು ಅಲ್ಲಿದೆ.

13ನೇ ತಿದ್ದುಪಡಿ ಗುಲಾಮಗಿರಿ ರದ್ದು ಮಾಡಿತು, ಒಂದು ವಿನಾಯಿತಿ ಇಟ್ಟು: ಅಪರಾಧಕ್ಕೆ ಶಿಕ್ಷೆಯಾಗಿ ಆದರೆ ಸರಿ. ಅದೇ ವರ್ಷದ ಕೊನೆಯಲ್ಲಿ ಮಿಸಿಸಿಪ್ಪಿ ಮಾಡಿದ ಕಪ್ಪು ಸಂಹಿತೆ ಹೇಗೆ ಕೆಲಸ ಮಾಡ್ತಿತ್ತು ನೋಡಿ. ಬಿಡುಗಡೆಯಾದ ಪ್ರತಿಯೊಬ್ಬನೂ ಜನವರಿಯಲ್ಲಿ ತನಗೆ ಮನೆ ಮತ್ತು ಕೆಲಸ ಇದೆ ಅಂತ ಲಿಖಿತ ಪುರಾವೆ ತೋರಿಸಬೇಕು. ಪಟ್ಟಣದ ಹೊರಗೆ ಜಮೀನು ಗೇಣಿಗೆ ಹಿಡಿಯೋ ಹಾಗಿಲ್ಲ. ಜಮೀನು ಇಲ್ಲದಿದ್ದರೆ ಹಳೇ ಧಣಿಯ ಹೊಲವೇ ಗತಿ. ಅಲ್ಲಿಗೆ ಹೋಗದಿದ್ದರೆ ಅಲೆಮಾರಿತನದ ಅಪರಾಧ, 50 ಡಾಲರ್‌ವರೆಗೆ ದಂಡ. ಐದು ದಿನದಲ್ಲಿ ಕಟ್ಟದಿದ್ದರೆ, ಯಾರು ದಂಡ ಕಟ್ಟಿ ಅತಿ ಕಡಿಮೆ ಅವಧಿಯ ದುಡಿಮೆಗೆ ಒಪ್ಪುತ್ತಾರೋ ಅವರಿಗೆ ಶೆರಿಫ್ ಆ ಮನುಷ್ಯನನ್ನು ಕೂಲಿಗೆ ಕೊಡ್ತಾನೆ. ಅಂದ್ರೆ ಕೆಲಸ ಇಲ್ಲದಿರೋದು ಅಪರಾಧ, ಅಪರಾಧಕ್ಕೆ ಶಿಕ್ಷೆ ಬಿಟ್ಟಿ ದುಡಿಮೆ, ಬಿಟ್ಟಿ ದುಡಿಮೆಗೆ 13ನೇ ತಿದ್ದುಪಡಿಯ ವಿನಾಯಿತಿ.

ಆ ಸಂಹಿತೆಗಳನ್ನು ಉತ್ತರದ ಸೇನೆ, ಸಂಸತ್ತು ಸೇರಿ ಕಿತ್ತುಹಾಕಿದವು. ಪದ್ಧತಿ ಮಾತ್ರ ಕೈದಿಗಳ ಗುತ್ತಿಗೆ ಅಂತ ಮತ್ತೆ ಬಂತು. ರಾಜ್ಯ ಸರ್ಕಾರವೇ ಕೈದಿಗಳನ್ನು ಕಲ್ಲಿದ್ದಲು ಗಣಿಗೆ, ರೈಲು ಹಳಿಗೆ, ಹತ್ತಿ ಹೊಲಕ್ಕೆ ಬಾಡಿಗೆಗೆ ಕೊಡೋದು. 1898ರಲ್ಲಿ ಅಲಬಾಮಾ ಸರ್ಕಾರದ ಆದಾಯದ ಮುಕ್ಕಾಲು ಪಾಲಿನಷ್ಟು ಇದರಿಂದಲೇ. ಅಲ್ಲಿ ಅದು ನಿಂತದ್ದು 1928ರಲ್ಲಿ. ಗುಲಾಮ ಸತ್ತರೆ ಧಣಿಗೆ ಬಂಡವಾಳ ನಷ್ಟ ಆಗ್ತಿತ್ತು. ಗುತ್ತಿಗೆ ಕೈದಿ ಸತ್ತರೆ ಇನ್ನೊಬ್ಬ ಬರ್ತಾನೆ. ಅದಕ್ಕೇ ಸಾವು ವಿಪರೀತ.

ಕೆರೆಏರಿ
ಆ ವಿನಾಯಿತಿ ಈಗಲೂ ಇದೆಯಾ?

ಹಳೇ ಕಡತ
ಒಕ್ಕೂಟದ ಸಂವಿಧಾನದಲ್ಲಿ ಇದೆ. ಕೆಲವು ರಾಜ್ಯಗಳು ತಮ್ಮ ಸಂವಿಧಾನದಿಂದ ತೆಗೆದಿವೆ: ಕೊಲೊರಾಡೋ 2018ರಲ್ಲಿ, ಅಲಬಾಮಾ, ಟೆನೆಸಿ 2022ರಲ್ಲಿ. ಲೂಯಿಸಿಯಾನಾದಲ್ಲಿ 2022ರಲ್ಲೇ ಮತಕ್ಕೆ ಹಾಕಿದಾಗ ಬಿದ್ದುಹೋಯಿತು. ಆ ರಾಜ್ಯದ ದೊಡ್ಡ ಜೈಲು ಇರೋದು 18,000 ಎಕರೆ ಹಳೇ ತೋಟದ ಜಮೀನಿನಲ್ಲಿ. ಜನ ಕರೆಯೋ ಹೆಸರು ಅಂಗೋಲಾ, ಆ ತೋಟದ ಹಳೇ ಹೆಸರೇ ಅದು. ಕೈದಿಗಳು ಅಲ್ಲಿ ಇವತ್ತಿಗೂ ಹೊಲದಲ್ಲಿ ದುಡೀತಾರೆ.

ಮಳೆಬಿಲ್ಲು
ಜೈಲಿಗೆ ಹೋದವರು ಸ್ವಲ್ಪ ಜನ. ಉಳಿದವರು ಸ್ವತಂತ್ರರಾಗಿ ಬೇಸಾಯ ಮಾಡಬಹುದಿತ್ತಲ್ಲ? ಕೈಗೆ ಕಸುಬು ಇತ್ತು.

ಸಹ್ಯಾದ್ರಿ ತಪ್ಪಲು
ಕಸುಬು ಇತ್ತು, ಭೂಮಿ ಇರಲಿಲ್ಲ. 1865ರ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ಕರಾವಳಿಯ ಸುಮಾರು 4 ಲಕ್ಷ ಎಕರೆಯನ್ನು ಕುಟುಂಬಕ್ಕೆ 40 ಎಕರೆಯಂತೆ ಹಂಚೋ ಆದೇಶ ಕೊಟ್ಟರು. ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆ. ಆಮೇಲೆ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಅದನ್ನು ಹಿಂತೆಗೆದು ಜಮೀನು ಹಳೇ ಧಣಿಗಳಿಗೆ ವಾಪಸ್ ಕೊಡಿಸಿದರು. ಪರಿಹಾರ ಯಾರಿಗೂ ಸಿಗಲಿಲ್ಲ ಅಂತಲ್ಲ. ರಾಜಧಾನಿ ವಾಷಿಂಗ್ಟನ್‌ನಲ್ಲಿ 1862ರ ಏಪ್ರಿಲ್‌ನಲ್ಲಿ ಗುಲಾಮಗಿರಿ ತೆಗೆದಾಗ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟರು, ಧಣಿಗಳಿಗೆ.

ಉಳಿದದ್ದು ಪಾಲಿನ ಬೇಸಾಯ. ಅದರ ಲೆಕ್ಕ ಹೀಗೆ. ಜನವರಿಯಲ್ಲಿ ಕರಾರು: ಭೂಮಿ, ಹೇಸರಗತ್ತೆ, ನೇಗಿಲು, ಬೀಜ ಧಣಿಯದು, ಮೈಮುರಿತ ಇವನದು, ಬೆಳೆ ಅರ್ಧರ್ಧ. ಬೆಳೆ ಬರೋದು ಶರತ್ಕಾಲಕ್ಕೆ. ಅಲ್ಲಿವರೆಗೆ ಊಟಕ್ಕೆ ಅಂಗಡಿ ಸಾಲ, ಅಂಗಡಿಯೂ ಎಷ್ಟೋ ಕಡೆ ಧಣಿಯದೇ. ಅಲ್ಲಿ ಎರಡು ಬೆಲೆ: ನಗದಿಗೆ ಒಂದು, ಉದ್ರಿಗೆ ಇನ್ನೊಂದು. ಉದ್ರಿ ಬೆಲೆಯ ಮೇಲೆ ಮತ್ತೆ ಬಡ್ಡಿ. ಸಾಲಕ್ಕೆ ಅಡಮಾನ ಇನ್ನೂ ಬಿತ್ತದ ಬೆಳೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: 500 ಪೌಂಡಿನ ಆರು ಬೇಲು ಹತ್ತಿ, 3,000 ಪೌಂಡು. ಪೌಂಡಿಗೆ 8 ಸೆಂಟ್, ಒಟ್ಟು 240 ಡಾಲರ್. ಇವನ ಪಾಲು 120. ಅಂಗಡಿಯಿಂದ ತಂದ ಸಾಮಾನಿನ ನಗದು ಬೆಲೆ 90. ಉದ್ರಿ ಬೆಲೆಯಲ್ಲಿ ಅದು 115, ಬಡ್ಡಿ ಸೇರಿ 130. ವರ್ಷವಿಡೀ ದುಡಿದು 10 ಡಾಲರ್ ಬಾಕಿ. ಆ ಬಾಕಿ ಮುಂದಿನ ವರ್ಷದ ಖಾತೆಯ ಮೊದಲ ಸಾಲು.

ಇದರಲ್ಲಿ ಮೂರು ಕಡೆ ಕತ್ತು ಹಿಸುಕಿದೆ. ಖಾತೆ ಬರೆಯೋದು ಧಣಿ, ಅದನ್ನು ಪ್ರಶ್ನಿಸಿದವನ ಮೇಲೆ ಹಲ್ಲೆ ಆಗೋದು ಮಾಮೂಲು. ಹತ್ತಿ ಬಿಟ್ಟು ಜೋಳ, ಕಾಯಿಪಲ್ಯ ಹಾಕೋಕೆ ಸಾಲ ಕೊಟ್ಟವನು ಬಿಡೋದಿಲ್ಲ, ಹಾಗಾಗಿ ಊಟಕ್ಕೂ ಅಂಗಡಿಯೇ. ಬಾಕಿ ಇಟ್ಟು ಊರು ಬಿಟ್ಟರೆ ಮೋಸದ ಕೇಸು. ಅಂಥ ಅಲಬಾಮಾ ಕಾನೂನೊಂದನ್ನು ಸುಪ್ರೀಂ ಕೋರ್ಟು 1911ರಲ್ಲಿ ರದ್ದು ಮಾಡಿತು, ಆದರೂ ರೂಢಿ ದಶಕಗಟ್ಟಲೆ ನಡೀತು.

ಕೆರೆಏರಿ
ಜೀತ ಅನ್ನೋದಕ್ಕೆ ಬೇರೆ ಪದ ಬೇಕಿಲ್ಲ.

ಎರೆಮಣ್ಣು
ಖಾತೆ ಪುಸ್ತಕ ಧಣಿ ಮನ್ಯಾಗ, ಹೆಬ್ಬಟ್ಟು ಆಳಿಂದು. ನಮ್ಮಲ್ಲೂ ಜೀತ ನಿಷೇಧ ಕಾಯ್ದೆ ಬಂದದ್ದು 1976ರಾಗ.

ಬೆಣ್ಣೆನಗರಿ
ಮತದ ಹಕ್ಕು 1870ರಲ್ಲೇ ಬಂತಲ್ಲ, 15ನೇ ತಿದ್ದುಪಡಿ? ಬಹುಸಂಖ್ಯಾತರಾಗಿದ್ದ ಕಡೆ ತಮ್ಮ ಸರ್ಕಾರ ತಂದು ಈ ಕಾನೂನುಗಳನ್ನೆಲ್ಲ ತೆಗೀಬಹುದಿತ್ತು.

ಕಾನೂನು ಕಟ್ಟೆ
ತಂದಿದ್ದರು. ಯುದ್ಧದ ನಂತರದ ಹತ್ತು–ಹನ್ನೆರಡು ವರ್ಷದಲ್ಲಿ ಸುಮಾರು 2,000 ಕಪ್ಪು ಜನ ಪಂಚಾಯಿತಿಯಿಂದ ಸೆನೆಟ್‌ವರೆಗೆ ಅಧಿಕಾರದಲ್ಲಿ ಕೂತಿದ್ದರು. ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ 1870ರಲ್ಲೇ ಸೆನೆಟರ್ ಆದರು. 1877ರಲ್ಲಿ ಅಧ್ಯಕ್ಷ ಪದವಿಯ ರಾಜಿಗಾಗಿ ಉತ್ತರ ತನ್ನ ಸೇನೆಯನ್ನು ಹಿಂದೆ ಸರಿಸಿತು. ಅಲ್ಲಿಗೆ ರಕ್ಷಣೆ ಹೋಯಿತು.

ಆಮೇಲೆ ಮತ ಕಿತ್ತುಕೊಂಡ ವಿಧಾನ ಕಲಿಯಬೇಕಾದ್ದು. ಬಣ್ಣದ ಹೆಸರಲ್ಲಿ ಮತ ನಿರಾಕರಿಸಬಾರದು ಅಂತ 15ನೇ ತಿದ್ದುಪಡಿ ಹೇಳುತ್ತೆ, ಅದಕ್ಕೆ ಬಣ್ಣದ ಹೆಸರೇ ಎತ್ತಲಿಲ್ಲ. ಮಿಸಿಸಿಪ್ಪಿ 1890ರ ಸಂವಿಧಾನದಲ್ಲಿ ವರ್ಷಕ್ಕೆ 2 ಡಾಲರ್ ತಲೆತೆರಿಗೆ, ಎರಡು ವರ್ಷದ್ದು ಮುಂಚೆಯೇ ಕಟ್ಟಿ ರಸೀದಿ ಇಟ್ಟಿರಬೇಕು. ಆಮೇಲೆ ಸಂವಿಧಾನದ ವಿಧಿಯೊಂದರ ಪರೀಕ್ಷೆ. ಒಟ್ಟು ವಿಧಿ 285, ಯಾವುದು ಅಂತ ಆರಿಸೋನು ಗುಮಾಸ್ತ. ಬಿಳಿಯ ಬಂದರೆ ಎರಡು ಸಾಲಿನದು, ಕಪ್ಪು ಶಿಕ್ಷಕ ಬಂದರೆ ತೆರಿಗೆಯ ಉದ್ದುದ್ದ ವಿಧಿ. ಉತ್ತರ ಸರಿಯೋ ತಪ್ಪೋ ಅನ್ನೋದೂ ಅವನ ಇಷ್ಟ. ಲೂಯಿಸಿಯಾನಾ 1898ರಲ್ಲಿ ಅಜ್ಜನ ಕಲಮು ತಂದಿತು: 1867ಕ್ಕೆ ಮೊದಲು ನಿನ್ನ ಅಪ್ಪನಿಗೋ ಅಜ್ಜನಿಗೋ ಮತ ಇದ್ದರೆ ನಿನಗೆ ಪರೀಕ್ಷೆ ಇಲ್ಲ. ಫಲಿತಾಂಶ: 1896ರಲ್ಲಿ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1904ರಲ್ಲಿ 1,342.

1962ರಲ್ಲಿ ಮಿಸಿಸಿಪ್ಪಿ ಇನ್ನೊಂದು ಸೇರಿಸಿತು. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಪತ್ರಿಕೆಯಲ್ಲಿ ಅಚ್ಚು ಮಾಡೋದು.

ಶರಾವತಿ
ಪತ್ರಿಕೆಯಲ್ಲಿ ಯಾಕೆ?

ಕಾನೂನು ಕಟ್ಟೆ
ಕೆಲಸ ಕೊಟ್ಟವನು, ಸಾಲ ಕೊಟ್ಟವನು, ಮನೆ ಬಾಡಿಗೆ ಕೊಟ್ಟವನು, ಬಂದೂಕು ಇಟ್ಟುಕೊಂಡವನು ಎಲ್ಲರೂ ಓದಲಿ ಅಂತ. 1965ರ ಮತದಾನ ಹಕ್ಕು ಕಾಯ್ದೆ ಬರೋ ಮುಂಚೆ ಅಲ್ಲಿ ಕಪ್ಪು ಜನರ ನೋಂದಣಿ ನೂರಕ್ಕೆ 6.7. ಒಕ್ಕೂಟದ ಅಧಿಕಾರಿಗಳು ನೇರವಾಗಿ ಹೋಗಿ ಕೂತ ಮೇಲೆ, 1967ಕ್ಕೆ, 59.8. ಎರಡು ವರ್ಷದಲ್ಲಿ ಯಾರ ಮನಸ್ಸೂ ಬದಲಾಗಿರಲಿಲ್ಲ, ಮೇಜಿನ ಹಿಂದೆ ಕೂತವರು ಬದಲಾದರು ಅಷ್ಟೆ. ಮತದಾನದ ನಿಯಮ ಬದಲಿಸೋ ಮುಂಚೆ ಈ ರಾಜ್ಯಗಳು ಕೇಂದ್ರದ ಅನುಮತಿ ತಗೋಬೇಕು ಅನ್ನೋ ಭಾಗವನ್ನು 2013ರಲ್ಲಿ ಸುಪ್ರೀಂ ಕೋರ್ಟು ನಿಷ್ಕ್ರಿಯ ಮಾಡಿತು. ಅದೇ ದಿನ ಟೆಕ್ಸಸ್ ತಡೆಹಿಡಿದಿದ್ದ ಗುರುತಿನ ಚೀಟಿ ಕಾನೂನು ಜಾರಿ ಮಾಡ್ತೀವಿ ಅಂದಿತು. ಇದು ನೂರು ವರ್ಷ ಹಳೇ ಮಾತಲ್ಲ.

ನೇತ್ರಾವತಿ
ಎಲ್ಲರೂ ದಕ್ಷಿಣವನ್ನೇ ಹಿಡಿದಿದ್ದೀರಿ. ಉತ್ತರದ ಪಾಲು ಕಡಿಮೆ ಅಲ್ಲ. 1916ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆ ಹೋದರು. ಅಲ್ಲಿ ಕಾದಿದ್ದು ನಕ್ಷೆ.

1933ರ ನಂತರ ಕೇಂದ್ರದ ಗೃಹಸಾಲ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಹಸಿರು, ನೀಲಿ, ಹಳದಿ, ಕೆಂಪು. ಪ್ರತಿ ಬಡಾವಣೆಗೂ ಒಂದು ನಮೂನೆ ಹಾಳೆ. ಅದರಲ್ಲಿ ಚರಂಡಿ, ರಸ್ತೆ, ಮನೆಯ ವಯಸ್ಸಿನ ಜೊತೆಗೆ "ನೀಗ್ರೋ ಇದ್ದಾರೆಯೇ, ಶೇಕಡಾ ಎಷ್ಟು" ಅಂತ ಒಂದು ಸಾಲು, "ಯಾರ ನುಸುಳುವಿಕೆ" ಅಂತ ಇನ್ನೊಂದು ಸಾಲು. ಕಪ್ಪು ಜನ ಇದ್ದರೆ ಹೆಚ್ಚುಕಮ್ಮಿ ಕೆಂಪೇ. ಕೆಂಪು ಅಂದ್ರೆ ಸಾಲ ಅಪಾಯ.

ಹಳೇ ಕಡತ
ಒಂದು ತಕರಾರು ಮೇಡಂ. ಆ ನಿಗಮ ಕೆಂಪು ಪ್ರದೇಶದಲ್ಲೂ ಸಾಲ ಕೊಟ್ಟಿದೆ, ಬಹುಪಾಲು ಸಾಲ ನಕ್ಷೆ ಬರೋ ಮುಂಚೆಯೇ ಮುಗಿದಿತ್ತು. ನಿಜವಾದ ಬೀಗ ಇದ್ದದ್ದು 1934ರಲ್ಲಿ ಬಂದ ಒಕ್ಕೂಟ ಗೃಹ ಆಡಳಿತದ ಸಾಲವಿಮೆಯಲ್ಲಿ. ಬರೀ ನಕ್ಷೆಯನ್ನು ದೂರಿದರೆ ಅಸಲಿ ಕಾರಣ ತಪ್ಪಿಹೋಗುತ್ತೆ.

ನೇತ್ರಾವತಿ
ಒಪ್ಪಿದೆ, ಆ ವಿಮೆಯೇ ಮುಖ್ಯ. ಸಾಲಕ್ಕೆ ಸರ್ಕಾರ ಜಾಮೀನು ನಿಂತದ್ದರಿಂದ ಕಡಿಮೆ ಮುಂಗಡ, ದೀರ್ಘ ಕಂತು ಸಾಧ್ಯವಾಯಿತು. ಸಾಮಾನ್ಯ ನೌಕರ ಸ್ವಂತ ಮನೆ ಮಾಡಿದ್ದು ಹಾಗೆ. ಅದರ ಕೈಪಿಡಿಯಲ್ಲಿ ಬೇರೆ ಜನಾಂಗದವರು ಬಂದರೆ ಮನೆಬೆಲೆ ಬೀಳುತ್ತೆ ಅಂತ ಬರೆದಿತ್ತು. ಡೆಟ್ರಾಯಿಟ್‌ನ ಎಂಟನೇ ಮೈಲಿ ರಸ್ತೆ ಹತ್ತಿರ 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಬಡಾವಣೆ ಮಾಡೋಕೆ ಹೊರಟ. ಪಕ್ಕದಲ್ಲಿ ಕಪ್ಪು ಜನರ ಮನೆಗಳಿವೆ ಅಂತ ವಿಮೆ ಸಿಗಲಿಲ್ಲ. ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ, ವಿಮೆ ಸಿಕ್ಕಿತು. ಗೋಡೆ ಈಗಲೂ ನಿಂತಿದೆ, ಒಂದು ಭಾಗಕ್ಕೆ ಅಲ್ಲಿಯ ಜನ ಚಿತ್ರ ಬರೆದಿದ್ದಾರೆ.

ಬ್ಯಾಂಕ್ ಸಾಲ ಸಿಗದವರು ಶಿಕಾಗೋದಲ್ಲಿ ಕರಾರಿನ ಮೇಲೆ ಮನೆ ಕೊಳ್ತಿದ್ದರು. ದಲ್ಲಾಳಿ ಹೆದರಿದ ಬಿಳಿಯನಿಂದ ಅಗ್ಗಕ್ಕೆ ಕೊಂಡು ಎರಡು ಪಟ್ಟು ಬೆಲೆಗೆ ಮಾರೋದು. ಕೊನೇ ಕಂತಿನವರೆಗೆ ಕ್ರಯಪತ್ರ ದಲ್ಲಾಳಿ ಹೆಸರಲ್ಲೇ. ಒಂದು ಕಂತು ತಪ್ಪಿದರೆ ಮನೆ ಹೋಯಿತು, ಕಟ್ಟಿದ ದುಡ್ಡೂ ಹೋಯಿತು, ಅದೇ ಮನೆ ಮತ್ತೊಬ್ಬರಿಗೆ ಮಾರಾಟ. ಪಾಲಿನ ಬೇಸಾಯದ ಖಾತೆ ಪುಸ್ತಕ ನಗರಕ್ಕೆ ಬಂದಿತ್ತು.

ದಾರಿಹೋಕ
ಇದು ಬಡವ–ಶ್ರೀಮಂತ ಪ್ರಶ್ನೆ ಅಲ್ವಾ? ಬಡ ಬಿಳಿಯರೂ ಲಕ್ಷಾಂತರ ಇದ್ದರು. ಭಾರತೀಯರನ್ನೇ ನೋಡಿ, ಬಣ್ಣ ಬೇರೆಯಿದ್ದರೂ ಅಲ್ಲಿ ಮೇಲೆ ಬಂದಿಲ್ವಾ?

ಕಾನೂನು ಕಟ್ಟೆ
ಬಡ ಬಿಳಿಯರ ಮಾತು ಅರ್ಧ ಸರಿ. ತಲೆತೆರಿಗೆಯಿಂದ ಅವರಲ್ಲೂ ಎಷ್ಟೋ ಜನ ಮತ ಕಳಕೊಂಡರು. ಆದರೆ ಮೇಲೆತ್ತೋ ಯೋಜನೆ ಬಂದಾಗ ದಾರಿ ಬೇರೆಯಾಯಿತು. 1935ರ ಸಾಮಾಜಿಕ ಭದ್ರತೆ ಹೊಲದ ಕೂಲಿ, ಮನೆಗೆಲಸದವರನ್ನು ಹೊರಗಿಟ್ಟಿತು. ಕಪ್ಪು ದುಡಿಮೆಗಾರರಲ್ಲಿ ಸುಮಾರು 65 ಶೇಕಡಾ ಆ ಎರಡರಲ್ಲೇ ಇದ್ದರು. 1944ರ ಮಾಜಿ ಸೈನಿಕರ ಕಾಯ್ದೆ ಎಲ್ಲರಿಗೂ ಒಂದೇ, ಕೊಡೋರು ಸ್ಥಳೀಯ ಬ್ಯಾಂಕುಗಳು. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಸರ್ಕಾರಿ ಜಾಮೀನಿನ 3,229 ಸಾಲ ಕೊಟ್ಟರು, ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಆ ಮನೆಗಳೇ ಮಕ್ಕಳ ಕಾಲೇಜು ಫೀಸಾದವು, ಮೊಮ್ಮಕ್ಕಳ ಮನೆಯ ಮುಂಗಡವಾದವು. 2022ರ ಕೇಂದ್ರ ಬ್ಯಾಂಕ್ ಸಮೀಕ್ಷೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿ ನಡುವೆ ಬರೋ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಸಂಬಳದ ಅಂತರ ಇಷ್ಟಿಲ್ಲ. ಆಸ್ತಿ ಅಜ್ಜನಿಂದ ಬರುತ್ತೆ, ಸಂಬಳ ಬರಲ್ಲ.

ಶರಾವತಿ
ಭಾರತೀಯರ ಮಾತಿಗೆ ನಾನು ಹೇಳ್ತೀನಿ. 1917ರಲ್ಲಿ ಏಷ್ಯಾದ ಬಹುಭಾಗದವರಿಗೆ ಬಾಗಿಲು ಮುಚ್ಚಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯ ಬಿಳಿಯ ಅಲ್ಲ, ಪೌರತ್ವ ಇಲ್ಲ ಅಂತ ತೀರ್ಪು. 1946ರಲ್ಲಿ ಬಾಗಿಲು ತೆರೆದದ್ದು ವರ್ಷಕ್ಕೆ 100 ಜನಕ್ಕೆ. ನಿಜವಾಗಿ ತೆರೆದದ್ದು 1965ರಲ್ಲಿ, ಕಪ್ಪು ಜನರ ಚಳವಳಿ ಜನಾಂಗದ ಆಧಾರದ ಕಾನೂನುಗಳನ್ನೇ ಅಲ್ಲಾಡಿಸಿದ ಗಾಳಿಯಲ್ಲಿ. ಆಗ ಹೋದವರಲ್ಲಿ ಹೆಚ್ಚಿನವರು ಡಾಕ್ಟರು, ಇಂಜಿನಿಯರು, ಇಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಓದಿದವರು. ಪದವಿ ನೋಡಿ ಆರಿಸಿ ಒಳಗೆ ಬಿಟ್ಟವರನ್ನು, ಇನ್ನೂರೈವತ್ತು ವರ್ಷ ಗುಲಾಮಗಿರಿಯಲ್ಲಿ, ಎಷ್ಟೋ ಕಡೆ ಓದೂ ನಿಷೇಧವಾಗಿ, ಸಿಕ್ಕಿಬಿದ್ದವರ ಜೊತೆ ಹೋಲಿಸೋದು ಅನ್ಯಾಯ. ಅಲ್ಲಿ ನೆಲೆಸಿದ ಕನ್ನಡಿಗರು ಆ ಋಣ ನೆನೆಯಬೇಕು.

ಕೆರೆಏರಿ
ನಮ್ಮವರಲ್ಲಿ ಹಿಂದೆಯೇ ನೆನೆದವರಿದ್ದಾರೆ. ಜ್ಯೋತಿಬಾ ಫುಲೆ 1873ರಲ್ಲಿ "ಗುಲಾಮಗಿರಿ" ಪುಸ್ತಕವನ್ನು ಗುಲಾಮಗಿರಿ ತೊಡೆದ ಅಮೆರಿಕದ ಜನರಿಗೇ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಜನರ ಹಕ್ಕಿನ ಹೋರಾಟಗಾರ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು.

ದಾರಿಹೋಕ
ಆಸ್ತಿ ವಿಷಯ ಅರ್ಥವಾಯ್ತು. ಯುದ್ಧದ ನಂತರ ಕಷ್ಟಪಟ್ಟು ಜಮೀನು ಮಾಡಿಕೊಂಡವರೂ ಇದ್ದರಲ್ಲ, ಅವರದು ಏನಾಯಿತು?

ಸಹ್ಯಾದ್ರಿ ತಪ್ಪಲು
1910ರ ಹೊತ್ತಿಗೆ ಸುಮಾರು 1.5 ಕೋಟಿ ಎಕರೆ ಕಪ್ಪು ಕುಟುಂಬಗಳ ಕೈಯಲ್ಲಿತ್ತು. ಬಹುಪಾಲು ಹೋಯಿತು. ಬೆದರಿಕೆ, ತೆರಿಗೆ ಹರಾಜು, ಕೃಷಿ ಸಾಲ ನಿರಾಕರಣೆ ಎಲ್ಲ ಇವೆ. ನಮ್ಮ ಓದುಗರಿಗೆ ಬೇಗ ಅರ್ಥವಾಗೋದು ಇನ್ನೊಂದಿದೆ. ಬಿಳಿಯರ ಕೋರ್ಟು–ಕಚೇರಿ ನಂಬದೆ ಅಜ್ಜ ಉಯಿಲು ಬರೆಯಲಿಲ್ಲ. ಪೌತಿ ಖಾತೆ ಆಗದೆ ಪಹಣಿ ಸತ್ತವರ ಹೆಸರಲ್ಲೇ ಉಳಿದ ಹಾಗೆ. ಮೂರನೇ ತಲೆಮಾರಿಗೆ 40–50 ವಾರಸುದಾರರು, ಎಲ್ಲರದೂ ಅವಿಭಕ್ತ ಪಾಲು. ಡೆವಲಪರ್ ಒಬ್ಬ ಶಿಕಾಗೋದಲ್ಲಿರೋ ದೂರದ ಮೊಮ್ಮಗನಿಂದ ಒಂದು ಪಾಲು ಕೊಳ್ತಾನೆ. ಆಮೇಲೆ ಪಾಲುದಾರನಾಗಿ ಕೋರ್ಟಿಗೆ ಹೋಗಿ, ಭಾಗ ಮಾಡೋಕೆ ಆಗಲ್ಲ, ಇಡೀ ಜಮೀನು ಹರಾಜು ಹಾಕಿ ಅಂತಾನೆ. ಹರಾಜಿನಲ್ಲಿ ತಾನೇ ಅಗ್ಗಕ್ಕೆ ಹಿಡೀತಾನೆ. ಇದನ್ನು ತಡೆಯೋ ಮಾದರಿ ಕಾಯ್ದೆ 2010ರಲ್ಲಿ ಬಂತು. ಅದರ ಪ್ರಕಾರ ಮೊದಲು ಸರಿಯಾದ ಬೆಲೆ ಕಟ್ಟಿಸಬೇಕು, ಉಳಿದ ಪಾಲುದಾರರಿಗೆ ಆ ಪಾಲು ಕೊಳ್ಳೋ ಅವಕಾಶ ಮೊದಲು. ಸೌತ್ ಕರೊಲಿನಾ, ಅಲಬಾಮಾ, ಮಿಸಿಸಿಪ್ಪಿ ಸೇರಿ ಹಲವು ರಾಜ್ಯ ಅದನ್ನು ತಗೊಂಡಿವೆ.

ಮಳೆಬಿಲ್ಲು
ವಾರಸುದಾರರನ್ನು ಸಾಬೀತು ಮಾಡೋದಾದರೂ ಹೇಗೆ? ಗುಲಾಮರಿಗೆ ಜನನ ದಾಖಲೆ ಎಲ್ಲಿ?

ಹಳೇ ಕಡತ
ಅದೇ ದೊಡ್ಡ ಗೋಡೆ. 1850, 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಹಾಳೆ. ಎಡಗಡೆ ಧಣಿಯ ಹೆಸರು, ಅದರ ಕೆಳಗೆ ಸಾಲಾಗಿ ವಯಸ್ಸು, ಹೆಣ್ಣು–ಗಂಡು, ಬಣ್ಣ. ಅವರ ಹೆಸರಿಗೆ ಅಂಕಣವೇ ಇಲ್ಲ. ಬಹುಪಾಲು ಜನರ ಹೆಸರು ಮೊದಲ ಸಲ ಗಣತಿಗೆ ಬಂದದ್ದು 1870ರಲ್ಲಿ.

ಹಿಂದಕ್ಕೆ ಹೋಗಬೇಕಾದರೆ ಹೀಗೆ ಮಾಡ್ತಾರೆ. 1870ರಲ್ಲಿ ಆ ಕುಟುಂಬ ಎಲ್ಲಿತ್ತು ಹಿಡಿಯೋದು. ಅಕ್ಕಪಕ್ಕದ ದೊಡ್ಡ ಜಮೀನುದಾರರ ಹೆಸರು ಬರೆದುಕೊಳ್ಳೋದು. ಅವರ 1860ರ ಹಾಳೆಯಲ್ಲಿ ಹತ್ತು ವರ್ಷ ಕಳೆದು ವಯಸ್ಸು ಹೊಂದುತ್ತಾ ನೋಡೋದು. ಆಮೇಲೆ ಆ ಧಣಿಯ ಉಯಿಲು, ಸತ್ತಾಗ ಮಾಡಿದ ಆಸ್ತಿಪಟ್ಟಿ, ಅಡಮಾನ ಪತ್ರ. ಅಲ್ಲಿ ಹೆಸರಿರುತ್ತೆ, ಕುದುರೆ, ಹಾಸಿಗೆಯ ಪಕ್ಕದ ಸಾಲಿನಲ್ಲಿ, ಬೆಲೆಯ ಜೊತೆ. ಎಲ್ಲರೂ ಧಣಿಯ ಅಡ್ಡಹೆಸರೇ ಇಟ್ಟುಕೊಂಡಿದ್ದರು ಅಂತ ತಿಳಿದರೆ ಮಾತ್ರ ದಾರಿ ತಪ್ಪುತ್ತೆ, ಎಷ್ಟೋ ಜನ ಬೇರೆ ಹೆಸರು ಆರಿಸಿಕೊಂಡರು.

ಇನ್ನೊಂದು ಮೂಲ ಬಿಡುಗಡೆಯಾದ ಗುಲಾಮರಿಗಾಗಿ ತೆರೆದ ವಿಮುಕ್ತರ ಬ್ಯಾಂಕು, 1865ರಿಂದ 1874. ಕೆಟ್ಟ ಆಡಳಿತದಿಂದ ಮುಳುಗಿತು, ಸುಮಾರು 61,000 ಜನರ 30 ಲಕ್ಷ ಡಾಲರ್ ಸಿಕ್ಕಿಬಿತ್ತು. ಆದರೆ ಖಾತೆ ತೆರೆದವರಲ್ಲಿ ಎಷ್ಟೋ ಜನ ಸಹಿ ಹಾಕೋಕೆ ಬಾರದವರು, ಗುರುತಿಗೆ ಅಂತ ಬ್ಯಾಂಕು ಒಂದೊಂದು ದಾಖಲೆ ಬರೆಸಿತು: ಎಲ್ಲಿ ಹುಟ್ಟಿದ್ದು, ಯಾವ ತೋಟ, ಧಣಿ ಯಾರು, ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮ ಅಕ್ಕತಂಗಿಯರು.

ಬೆಣ್ಣೆನಗರಿ
ಮಾರಿಹೋದವರ ಹೆಸರೂ ಬರೆಸುತ್ತಿದ್ದರಾ?

ಹಳೇ ಕಡತ
ಬರೆಸಿದ್ದಾರೆ. ಯಾವ ಕಡೆಗೆ ಮಾರಿದರು, ಯುದ್ಧಕ್ಕೆ ಎಷ್ಟು ವರ್ಷ ಮುಂಚೆ ಅಂತ ಕೂಡ ಕೆಲವು ಹಾಳೆಯಲ್ಲಿದೆ. ಆ ದಾಖಲೆಗಳಿಗೆ ಈಗ ಹೆಸರಿನ ಸೂಚಿ ಆಗಿದೆ, ಅಂತರ್ಜಾಲದಲ್ಲಿ ದುಡ್ಡು ಕೊಡದೆ ಹುಡುಕಬಹುದು. ಕಪ್ಪು ಜನರ ಪತ್ರಿಕೆಗಳಲ್ಲಿ "ಮಾಹಿತಿ ಬೇಕಾಗಿದೆ" ಅಂತ ತಾಯಿ ಮಕ್ಕಳನ್ನು ಹುಡುಕೋ ಜಾಹೀರಾತುಗಳೂ ಹಾಗೇ ಸಿಗ್ತವೆ, 1900 ದಾಟಿದ ಮೇಲೂ ಬಂದಿವೆ.